ಬೀಗರ ಮರ್ಯಾದೆಯಲ್ಲಿ ಸಿಕ್ಕಿಕೊಂಡ ವೆಬ್‌ಸೈಟು

ಪಾಠ ಹೇಳುವವರಿಗೆ ಒಂದು ಬಗೆಯ ಹುಂಬ ಧೈರ್ಯ ಇರುತ್ತದೆ. ಒಂದೇ ವಿಷಯವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಆ ವಿಷಯ ನಮ್ಮ ಮನೆಯ ಬೆಕ್ಕಿನ ಹಾಗೆ, ಕರೆದರೆ ಬರುತ್ತದೆ ಎಂದು ನಂಬಿಬಿಡುತ್ತೇವೆ. ಬೆಕ್ಕು ಯಾರ ಮನೆಯಲ್ಲಿ ಕರೆದಾಗ ಬಂದಿದೆ ಹೇಳಿ. ನಾನು ಹೊಸದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಇಂಟರ್‌ನೆಟ್ಟಿನಲ್ಲಿ ಒಂದು ಹೆಸರು ಹೊಡೆದರೆ ಆ ವೆಬ್‌ಸೈಟು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ, ಅದನ್ನು ತಿಳಿಸುವ ನೇಮ್ ಸರ್ವರ್ ಎಂಬ ಯಂತ್ರ ತಾನೇ ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂಬುದು ನನಗೆ ಬಲು ಇಷ್ಟವಾದ ಪಾಠ. ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ. ಆ ದಿನ ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗುತ್ತೇನೆ ಎಂದು ನಮ್ಮವರು ಹಾಸ್ಯ ಮಾಡುವುದುಂಟು. ಅದು ಪೂರ್ತಿ ಸುಳ್ಳೇನಲ್ಲ.

ಪಾಠ ಬಹಳ ಸರಳ. ಯಂತ್ರಗಳಿಗೆ ಹೆಸರು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ನಮ್ಮ ಕಡೆ ಇದಕ್ಕೆ ತದ್ವಿರುದ್ಧ. ಮನೆಯ ಬಾಗಿಲಿಗೆ ಯಾರೋ ಬಂದು ನಂಬರ್ ಬರೆದು ಹೋಗಿರುತ್ತಾರೆ, ಅದು ಆ ಮನೆಯವರಿಗೇ ಗೊತ್ತಿರುವುದಿಲ್ಲ. ಹೆಸರು ಹೇಳಿದರೆ ಬೀದಿಯ ನಾಯಿಯೂ ದಾರಿ ತೋರಿಸುತ್ತದೆ. ಶ್ರೀರಾಂಪುರದಲ್ಲಿ ಕಂಬಳಿ ನೇಯುವ ರಂಗಮ್ಮನ ಮನೆಗೆ ಹೋಗಬೇಕು ಎನ್ನಿ. ಹಿರಿಯೂರಿನಲ್ಲಿ ನಿಂತು ಕೇಳಿದರೆ ಅಲ್ಲಿಯವರಿಗೆ ರಂಗಮ್ಮ ಯಾರೋ ಏನೋ. ಆದರೂ ಗೊತ್ತಿಲ್ಲ ಎಂದು ಕೈ ಆಡಿಸಿ ಕಳಿಸುವುದಿಲ್ಲ, “ಹೊಸದುರ್ಗದಾಗೆ ಕೇಳ್ರಿ” ಅನ್ನುತ್ತಾರೆ. ಹೊಸದುರ್ಗದವರು “ಶ್ರೀರಾಂಪುರದ ಬಸ್ ಹತ್ರಿ, ಇಳಿದು ಅಲ್ಲಿ ಕೇಳ್ರಿ” ಅನ್ನುತ್ತಾರೆ. ಶ್ರೀರಾಂಪುರದ ಹಿಟ್ಟಿನ ಗಿರಣಿಯವರು ಗಿರಣಿ ನಿಲ್ಲಿಸದೆಯೇ ಗದ್ದ ಎತ್ತಿ ಓಣಿ ತೋರಿಸುತ್ತಾರೆ. ಯಾರಿಗೂ ಎಲ್ಲವೂ ಗೊತ್ತಿಲ್ಲ. ಮುಂದೆ ಯಾರನ್ನು ಕೇಳಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಇಂಟರ್‌ನೆಟ್ಟೂ ಇದನ್ನೇ ಮಾಡುತ್ತದೆ. ಎಲ್ಲರಿಗಿಂತ ಮೇಲೆ ರೂಟ್ ಸರ್ವರ್ ಎಂಬ ಹದಿಮೂರು ಹೆಸರುಗಳಿವೆ. ನಮ್ಮ ಪರವಾಗಿ ಹುಡುಕಲು ಹೊರಡುವ ಪ್ರತಿ ಯಂತ್ರವೂ ಆ ಹದಿಮೂರರ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತದೆ. ಯಾರನ್ನೂ ಕೇಳದೆ ಗೊತ್ತಿರುವ ಒಂದು ಜಾಗವಾದರೂ ಬೇಕಲ್ಲ, ಇಲ್ಲದಿದ್ದರೆ ಕೇಳುವುದನ್ನು ಶುರು ಮಾಡುವುದೆಲ್ಲಿ? ಅವರು ಹೆಸರಿನ ಬಾಲ ನೋಡುತ್ತಾರೆ. ‘ಇನ್’ ಎಂದು ಮುಗಿದರೆ ಇಂಥವರನ್ನು ಕೇಳು, ‘ಕಾಮ್’ ಎಂದು ಮುಗಿದರೆ ಅಂಥವರನ್ನು ಕೇಳು ಎನ್ನುತ್ತಾರೆ. ಅವರು ಆ ವೆಬ್‌ಸೈಟಿನ ನೇಮ್ ಸರ್ವರ್ ಯಾರೆಂದು ಹೇಳುತ್ತಾರೆ. ಅದು ಕೊನೆಗೆ ವೆಬ್‌ಸೈಟು ಇರುವ ಜಾಗದ ಅಂಕಿ ಕೊಡುತ್ತದೆ. ಒಮ್ಮೆ ಸಿಕ್ಕಿದ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಂಡು, ಆಮೇಲೆ ಮರೆತು, ಮತ್ತೆ ಕೇಳುವುದು ಪದ್ಧತಿ. ಇಷ್ಟೇ. ಇಷ್ಟು ಹೇಳಿ ಕೈಯ ಸೀಮೆಸುಣ್ಣ ಕೊಡವಿದರೆ ಆ ದಿನದ ಅನ್ನ ಹುಟ್ಟಿತು.

ಮೇಲೆ ಹೇಳಿದ ರಂಗಮ್ಮ ಉದಾಹರಣೆಗೆಂದು ಹುಟ್ಟಿಸಿದವಳಲ್ಲ. ನನ್ನ ನಾದಿನಿ, ನಮ್ಮವರ ತಂಗಿ. ಅವಳು ಹುಟ್ಟಿದ್ದೂ ಶ್ರೀರಾಂಪುರ, ಅವಳನ್ನು ಕೊಟ್ಟಿದ್ದೂ ಶ್ರೀರಾಂಪುರ. ತವರಿನ ಮೇಲೆ ಮುನಿಸಿಕೊಂಡು ಹೊರಟರೆ ಮುನಿಸು ಆರುವ ಮೊದಲೇ ಗಂಡನ ಮನೆ ಬಂದುಬಿಡುತ್ತದೆ. ನಮ್ಮ ಮಾವನವರದು ಕುರಿ ಸಾಕಿ ಹೊಲ ಮಾಡುವ ಮನೆ, ಅವಳ ಗಂಡನದೂ ಅದೇ. ಉಣ್ಣೆ ಕತ್ತರಿಸುವುದು, ನೂಲುವುದು, ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದು, ಕಂಬಳಿ ನೇಯುವುದು ಎಲ್ಲ ಮನೆಯಲ್ಲೇ. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ನೂಲುವುದು ಹೆಂಗಸರು, ಮಗ್ಗದ ಗುಣಿಗೆ ಇಳಿದು ನೇಯುವುದು ಗಂಡಸರು. ರಂಗಮ್ಮನ ಗಂಡನಿಗೆ ಸೊಂಟ ಹಿಡಿದುಕೊಂಡು ಮಗ್ಗ ನಿಂತಾಗ ಇವಳು ಸೆರಗು ಸಿಕ್ಕಿಸಿ ಗುಣಿಗೆ ಇಳಿದಳು. ಊರಿನ ಗಂಡಸರು ಮೊದಲು ನಕ್ಕರು. ಕಂಬಳಿ ಬಿಚ್ಚಿ ಹಾಸಿದಾಗ ಅಂಚು ದಾರ ಹಿಡಿದು ಎಳೆದಷ್ಟು ನೇರ ಇದ್ದದ್ದು ನೋಡಿ ನಗು ನಿಲ್ಲಿಸಿದರು. ನಗು ನಿಂತಿತೇ ಹೊರತು ಹೆಸರು ಬದಲಾಗಲಿಲ್ಲ. ಸಂತೆಯಲ್ಲಿ ಅದು ಅವಳ ಗಂಡ ಹಾಲಪ್ಪನ ಕಂಬಳಿಯೇ. ಹಾಲಪ್ಪ ಪಾಪ, “ನಂದಲ್ಲಪ್ಪ, ನಮ್ಮಾಕೆ ನೇಯ್ದಿದ್ದು” ಅಂದರೆ, ತಮಾಷೆ ಮಾಡುತ್ತಾನೆ ಎಂದುಕೊಂಡು ಬೆನ್ನು ತಟ್ಟಿ ಹೋಗುತ್ತಿದ್ದರು.

ರಂಗಮ್ಮ ಇದಕ್ಕಾಗಿ ಯಾರ ಮೇಲೂ ಜಗಳಕ್ಕೆ ಹೋದವಳಲ್ಲ. ಒಂದು ದಿನ ಹೊಸದುರ್ಗಕ್ಕೆ ನಮ್ಮ ಮನೆಗೆ ಬಂದಳು. ಚಹಾ ಕುಡಿದಳು, ಲೋಟ ತಾನೇ ತೊಳೆದಿಟ್ಟಳು, ಆಮೇಲೆ ಮೆಲ್ಲಗೆ ಕೇಳಿದಳು. “ಅತ್ತಿಗೆ, ಕಂಪೂಟ್ರಾಗೆ ಅಂಗ್ಡಿ ಇಡಾಕೆ ಬರುತ್ತಂತಲ್ಲ. ಅದ್ರಾಗೆ ನನ್ ಹೆಸ್ರು ಬರ್ದು ಕೊಡ್ತೀಯಾ?” ಕಂಬಳಿ ಮಾರಿಕೊಡು ಎಂದು ಅವಳು ಕೇಳಲಿಲ್ಲ ನೋಡಿ. ನಾನು ಆ ವಾರವೇ ‘ಇನ್’ ಬಾಲದ ಒಂದು ಹೆಸರು ಹಿಡಿದು ವೆಬ್‌ಸೈಟು ಮಾಡಿದೆ. ಕರಿ ಕಂಬಳಿ, ಬಿಳಿ ಅಂಚಿನ ಕಂಬಳಿ, ಮಕ್ಕಳಿಗೆ ಹೊದಿಸುವ ಸಣ್ಣ ಕಂಬಳಿ, ಎಲ್ಲದರ ಫೋಟೊ ಹಾಕಿ, ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ‘ನೇಯ್ದವರು: ರಂಗಮ್ಮ’ ಎಂದು ಬರೆದೆ. ಅವಳು ಅದನ್ನು ಮೊಬೈಲಿನಲ್ಲಿ ನೋಡಿ, ಬೆರಳಿನಿಂದ ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ, ಪರದೆಯ ತುಂಬ ತನ್ನ ಹೆಸರು ಮಾತ್ರ ಉಳಿಯುವ ಹಾಗೆ ಮಾಡಿಕೊಂಡು ನೋಡುತ್ತಾ ಕೂತಳು. ಈ ಭೂಮಿಯ ಮೇಲೆ ಅವಳನ್ನು ನೇಕಾರಳು ಎಂದು ಬರೆದಿದ್ದ ಜಾಗ ಅದೊಂದೇ.

ಈಗ ನನ್ನ ತವರಿನ ಕಡೆಗೆ ಬರುತ್ತೇನೆ, ಅಲ್ಲಿಗೆ ಬರದೆ ಈ ಕತೆ ಕೆಡುವುದಿಲ್ಲ. ನನ್ನ ತವರು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು. ಅಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾದವರು, ಈಗ ಟಗರು ಸಾಕುತ್ತಾರೆ. ಬೀಗರ ಮನೆಗೆ ವೆಬ್‌ಸೈಟು ಬಂದಿದೆ ಎಂಬ ಸುದ್ದಿ ಅವರಿಗೆ ಮುಟ್ಟಿದ ದಿನವೇ ಫೋನ್ ಬಂತು. “ಅಲ್ಲಮ್ಮ, ನಮ್ಮ ಟಗರಿಗೆ ಏನಾಗೈತೆ?” ಅಂದರು. ಏನೂ ಆಗಿಲ್ಲ, ಅವಕ್ಕೂ ಒಂದು ವೆಬ್‌ಸೈಟು ಬೇಕು ಎಂಬುದು ಅದರ ಅರ್ಥ. ಮಾಡಿಕೊಟ್ಟೆ. ಅದಕ್ಕೆ ‘ಕಾಮ್’ ಬಾಲ ಸಿಕ್ಕಿತು. ಒಂದು ಟಗರಿನ ಎಡಮಗ್ಗುಲಿನ ಫೋಟೊ ಹಾಕಿದ್ದೆ, ಅದರ ಚಂದವೆಲ್ಲ ಬಲಗಡೆಯ ಕೊಂಬಿನಲ್ಲಿದೆ ಎಂದು ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಸರಿಹೋಯಿತು.

ನನ್ನ ಅಪ್ಪ ಮತ್ತು ನನ್ನ ಮಾವ, ಇವರ ನಡುವೆ ಇರುವಷ್ಟು ಮರ್ಯಾದೆ ಯಾವ ಇಬ್ಬರು ಮನುಷ್ಯರ ನಡುವೆಯೂ ಇರಬಾರದು. ಬೀಗರೆಂದರೆ ನಮ್ಮ ಕಡೆ ಕಾಲಿಗೆ ನೀರು ಕೊಡುವುದರಿಂದ ಹಿಡಿದು ಎಲೆ ಅಡಿಕೆಯವರೆಗೆ ಎಲ್ಲದಕ್ಕೂ ಒಂದು ಕ್ರಮ ಇದೆ, ಒಪ್ಪಿದೆ. ಇವರಿಬ್ಬರು ಅದನ್ನು ಒಂದು ಕೈ ಮುಂದಕ್ಕೇ ಒಯ್ದಿದ್ದಾರೆ. ಊಟಕ್ಕೆ ಕೂತರೆ “ನೀವು ಶುರು ಮಾಡ್ರಿ ಬೀಗ್ರೆ”, “ಎಲ್ಲಾದ್ರೂ ಉಂಟಾ, ನೀವು ಮಾಡ್ರಿ” ಎನ್ನುತ್ತಾ ಮುದ್ದೆ ಆರಿ ಕಲ್ಲಾಗುತ್ತದೆ, ಸಾರಿನ ಮೇಲೆ ಎಣ್ಣೆ ತೇಲಿ ಹೆಪ್ಪುಗಟ್ಟುತ್ತದೆ. ಹಸಿದು ಕೂತ ನಾವು ಇವರಿಬ್ಬರ ಮುಖ ನೋಡುತ್ತಾ ಕೈಯಲ್ಲಿ ಉಪ್ಪು ಸವರಿಕೊಂಡಿರುತ್ತೇವೆ. ನಮ್ಮತ್ತೆ ಬದುಕಿದ್ದಾಗ ಇಬ್ಬರ ತಟ್ಟೆಗೂ ಒಟ್ಟಿಗೇ ತುಪ್ಪ ಸುರಿದು “ಉಣ್ರಿ ಸುಮ್ನೆ” ಎಂದು ಗದರುತ್ತಿದ್ದರು. ಅವರು ಹೋದ ಮೇಲೆ ಗದರುವವರಿಲ್ಲ.

ವೆಬ್‌ಸೈಟುಗಳೆರಡೂ ಒಂದು ಕಂಪನಿಯವರ ಯಂತ್ರದಲ್ಲಿದ್ದವು. ಹೀಗಿರುವಾಗ ಆ ಕಂಪನಿಯವರು ಅಂಗಡಿ ಮುಚ್ಚುತ್ತೇವೆ, ನಿಮ್ಮ ನಿಮ್ಮ ಸಾಮಾನು ಎತ್ತಿಕೊಳ್ಳಿ ಎಂದು ತಿಳಿಸಿದರು. ಅದೇ ವಾರ ಇನ್ನೊಂದು ಬೆಳವಣಿಗೆಯಾಯಿತು. ಮೈಸೂರಿನಲ್ಲಿ ಕೈಮಗ್ಗದವರ ಪ್ರದರ್ಶನವೊಂದನ್ನು ನಡೆಸುವ ಒಬ್ಬ ಮೇಡಂ ರಂಗಮ್ಮನಿಗೆ ಫೋನ್ ಮಾಡಿದರು. ಆಯ್ಕೆಯಾದವರು ಅಲ್ಲಿ ಜನರ ಎದುರಿಗೇ ಮಗ್ಗ ಹೂಡಿ ನೇಯಬೇಕು, ಪಕ್ಕದಲ್ಲಿ ಅವರ ಹೆಸರಿನ ಫಲಕ ಇರುತ್ತದೆ, ಸೋಮವಾರ ಬೆಳಿಗ್ಗೆ ಎಲ್ಲರ ಕೆಲಸವನ್ನೂ ವೆಬ್‌ಸೈಟಿನಲ್ಲಿ ನೋಡಿ ತೀರ್ಮಾನ ಮಾಡುತ್ತೇವೆ ಎಂದರು. ರಂಗಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳಿಬಂದಳು. ಗಿರಣಿಯವರಿಗೂ ಹೇಳಿದಳಂತೆ. ನಾನು ಎದೆ ಉಬ್ಬಿಸಿಕೊಂಡು, “ಶುಕ್ರವಾರವೇ ಹೊಸ ಜಾಗಕ್ಕೆ ಎತ್ತಿಡ್ತೀನಿ, ಸೋಮವಾರಕ್ಕೆ ಜುಂ ಅಂತ ಇರುತ್ತೆ ಬಿಡು” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಎಲ್ಲರ ಹಾಗೆ ಹೊಸ ಕಂಪನಿಯವರ ನೇಮ್ ಸರ್ವರ್ ಇಟ್ಟುಕೊಂಡರೆ ಕೆಲಸ ಮುಗಿಯುತ್ತಿತ್ತು. ಆದರೆ ನೇಮ್ ಸರ್ವರ್ ಪಾಠ ಹೇಳುವವಳೇ ಬಾಡಿಗೆ ನೇಮ್ ಸರ್ವರಿನಲ್ಲಿ ಇರುವುದೇ? ಸ್ವಂತದ್ದು ಇಡೋಣ, ಎರಡು ಮನೆಗೂ ಒಂದೊಂದು ಇಡೋಣ ಎಂದು ಹೊರಟೆ.

ಶುಕ್ರವಾರ ರಜೆ ಇತ್ತು. ಶ್ರೀರಾಂಪುರದಲ್ಲಿ ಮಾವನ ಜಗುಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮಾವ ಬಂದು, “ಏನವ್ವಾ, ಮನೆ ಎತ್ತಿಡ್ತಿದೀಯಂತೆ” ಎಂದರು. ನಾನು ಪಾಠದ ಹುರುಪಿನಲ್ಲಿ ಹೇಳಿದೆ. “ರಂಗಮ್ಮನ ಅಂಗಡಿ ಎಲ್ಲೈತೆ ಅಂತ ಕೇಳಿದವರಿಗೆ ಹೇಳೋಕೆ ಒಬ್ಬರು ಬೇಕು ಮಾವ. ಅವರ ಹೆಸರನ್ನ ಮೇಲಿನವರ ಹತ್ರ ಬರೆಸಬೇಕು.” ಮಾವ ಮೀಸೆಯ ಮೇಲೆ ಕೈಯಾಡಿಸಿ ಯೋಚಿಸಿದರು. “ನಮ್ಮ ಮನೆ ದಾರಿ ನಾವೇ ಹೇಳ್ಕಂಡು ಕುಂತ್ರೆ ಏನ್ ಚೆಂದ ಕಣವ್ವಾ. ನಿಮ್ಮಪ್ಪಾರ ಹೆಸ್ರು ಬರ್ಸು. ಬೀಗ್ರು ಹೇಳಿದ್ರೆ ಅದಕ್ಕೊಂದು ತೂಕ” ಎಂದರು. ತಕ್ಷಣ ಅಪ್ಪನಿಗೆ ಫೋನ್ ಹಚ್ಚಿದೆ. ಅಪ್ಪ, “ಅಷ್ಟು ದೊಡ್ಡ ಮನಸ್ಸು ಮಾಡಿದ್ರಾ? ಹಂಗಾದ್ರೆ ನಮ್ಮ ಟಗರಿನ ದಾರಿ ಹೇಳಾಕೆ ಅವರ ಹೆಸರೇ ಇರ್ಲಿ. ಇಲ್ದಿದ್ರೆ ನಾವು ಸಣ್ಣೋರಾಗ್ತೀವಿ” ಎಂದರು. ಹಾಗೆಯೇ ಮಾಡಿದೆ. ರಂಗಮ್ಮನ ಅಂಗಡಿ ಎಲ್ಲಿದೆ ಎಂದು ಹೇಳುವ ಯಂತ್ರಕ್ಕೆ ಅಪ್ಪನ ವೆಬ್‌ಸೈಟಿನ ಮನೆತನದ ಹೆಸರು ಕೊಟ್ಟೆ. ಅಪ್ಪನ ಟಗರು ಎಲ್ಲಿವೆ ಎಂದು ಹೇಳುವ ಯಂತ್ರಕ್ಕೆ ರಂಗಮ್ಮನ ವೆಬ್‌ಸೈಟಿನ ಹೆಸರು ಕೊಟ್ಟೆ. ಮೇಲಿನವರು ಎರಡನ್ನೂ ತಕರಾರಿಲ್ಲದೆ ಬರೆದುಕೊಂಡರು. “ಎರಡು ಮನೆಗೂ ಬೇಜಾರಾಗದ ಕೆಲಸ ನೀನು ಮಾಡಿದ್ದು ಇದೇ ಮೊದಲು” ಎಂದು ನಮ್ಮವರು ಹೊಗಳಿದರು. ನಾನು ನಂಬಿದೆ.

ಶನಿವಾರ ಎಲ್ಲವೂ ಸುಸೂತ್ರ. ಕಾಲೇಜಿನಲ್ಲಿ ಮಕ್ಕಳಿಗೆ ತೆರೆದು ತೋರಿಸಿ, ಇದು ನಮ್ಮ ಸ್ವಂತ ನೇಮ್ ಸರ್ವರಿನಿಂದ ಬರುತ್ತಿದೆ ಎಂದು ಹೇಳಿ, ಮಕ್ಕಳು ಬಾಯಿ ಬಿಟ್ಟು ನೋಡುವುದನ್ನು ನೋಡಿ ಸಂತೋಷಪಟ್ಟೆ. ಅವರು ಆಕಳಿಸುತ್ತಿದ್ದಿರಬಹುದು ಎಂಬುದು ಈಗ ಹೊಳೆಯುತ್ತಿದೆ. ಅದಿರಲಿ, ಆ ದಿನ ಕಂಡದ್ದು ನನ್ನ ಹೊಸ ವ್ಯವಸ್ಥೆಯ ಪುಣ್ಯದಿಂದಲ್ಲ. ಹಳೆಯ ಉತ್ತರ ಇನ್ನೂ ಅಲ್ಲಲ್ಲಿಯ ಯಂತ್ರಗಳ ನೆನಪಿನಲ್ಲಿತ್ತು, ಹಳೆಯ ಕಂಪನಿಯ ಬಾಗಿಲೂ ಇನ್ನೂ ಮುಚ್ಚಿರಲಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆ ದೋಸೆ ಹಾಕುತ್ತಿದ್ದಾಗ ರಂಗಮ್ಮನ ಫೋನ್ ಬಂತು. “ಅತ್ತಿಗೆ, ನನ್ ಅಂಗ್ಡಿ ಕಾಣ್ತಿಲ್ಲ.” ಮೇಷ್ಟರ ಜಾತಿಯವರು ಮೊದಲು ತಪ್ಪು ಹುಡುಕುವುದು ಎದುರಿನವರಲ್ಲಿ. “ನಿನ್ನ ಕಡೆ ನೆಟ್‌ವರ್ಕ್ ಸರಿ ಇಲ್ಲ, ಮಾಳಿಗೆ ಹತ್ತಿ ನೋಡು” ಎಂದೆ. ಪಾಪ, ಮಾಳಿಗೆ ಹತ್ತಿದಳು. ಅಲ್ಲೂ ಇಲ್ಲ. ನನ್ನ ಮೊಬೈಲಿನಲ್ಲಿ ತೆರೆದೆ, ಚೆನ್ನಾಗಿ ಕಂಡಿತು. ನೋಡಿದೆಯಾ, ನಿನ್ನದೇ ತಪ್ಪು ಎಂಬ ಧ್ವನಿಯಲ್ಲಿ ಸಮಾಧಾನ ಹೇಳಿದೆ. ಆದರೂ ಮನಸ್ಸು ತಡೆಯದೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ, ಯಾರ್ಯಾರಿಗೆ ಕಾಣುತ್ತದೆ ಹೇಳಿ ಎಂದು ಹಾಕಿದೆ. ಹಿರಿಯೂರಿನಿಂದ ಕಾಣುತ್ತದೆ ಎಂದು ಬಂತು. ಮದಕರಿಪುರದಿಂದ ಕಾಣುವುದಿಲ್ಲ ಎಂದು ಬಂತು. ಹೊಳಲ್ಕೆರೆಯಲ್ಲಿ ಒಂದೇ ಮನೆಯಲ್ಲಿ ಗಂಡನಿಗೆ ಕಾಣುತ್ತದೆ, ಹೆಂಡತಿಗೆ ಕಾಣುವುದಿಲ್ಲ, ಆ ಮನೆಯಲ್ಲಿ ಇದು ಹೊಸದೇನಲ್ಲ ಎಂದು ಇನ್ನೊಬ್ಬರು ಬರೆದರು. ಚಿತ್ರದುರ್ಗದ ದೊಡ್ಡಮ್ಮ ಮಾತ್ರ, ಏನು ಕಾಣಬೇಕಿತ್ತು ಎಂದು ಕೇಳಿ, ಜೊತೆಗೆ ಒಂದು ಗುಲಾಬಿ ಹೂವಿನ ಶುಭೋದಯ ಕಳಿಸಿದರು. ನಾನು ನಮ್ಮವರಿಗೆ, “ನೋಡಿ, ನನ್ನದರಲ್ಲಿ ಬರ್ತಾ ಇದೆ” ಎಂದು ತೋರಿಸಲು ಹೋದೆ. ಬರಲಿಲ್ಲ. ಮತ್ತೆ ಒತ್ತಿದೆ. ಇಂಥ ಹೆಸರಿನ ತಾಣ ಸಿಗುತ್ತಿಲ್ಲ ಎಂದಿತು. ನೆನಪು ಒಂದೊಂದೇ ಯಂತ್ರದಿಂದ ಇಳಿದುಹೋಗುತ್ತಿತ್ತು. ಒಲೆಯ ಮೇಲೆ ದೋಸೆಯೂ ಸೀದಿತ್ತು.

ರಂಗಮ್ಮ ಮತ್ತೆ ಫೋನ್ ಮಾಡಿದಳು. “ಅತ್ತಿಗೆ, ನಾಳೆ ಅವ್ರು ನೋಡ್ತಾರೆ.” ನಾನು ಹೂಂ ಎಂದೆ. “ನನ್ ಹೆಸ್ರು ಐತೆ ಅಂತ ಎಲ್ರಿಗೂ ಹೇಳ್ಬಿಟ್ಟೀನಿ ಕಣೇ” ಎಂದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಅವಳಿಗಿದ್ದದ್ದು ಆ ಒಂದು ಜಾಗ, ಅದನ್ನು ನಾನು ಬಿಂಕಕ್ಕೆ ಬಿದ್ದು ಕಳೆದುಬಿಟ್ಟಿದ್ದೆ.

ಬಾಗಿಲು ಹಾಕಿಕೊಂಡು ಕೂತು, ಹೆಸರು ಕೇಳುತ್ತಾ ಹೋಗುವ ದಾರಿಯನ್ನು ಹೆಜ್ಜೆ ಹೆಜ್ಜೆಗೂ ತೋರಿಸುವ ಒಂದು ಕಮಾಂಡ್ ಕೊಟ್ಟೆ. ಮೊದಲು ರೂಟ್ ಸರ್ವರಿನವರು. ರಂಗಮ್ಮನ ಅಂಗಡಿಯೇ, ‘ಇನ್’ ನವರನ್ನು ಕೇಳು ಎಂದರು. ‘ಇನ್’ ನವರು ಹೇಳಿದರು: ಅದನ್ನು ಬಲ್ಲ ಯಂತ್ರದ ಹೆಸರು ಚಿಕ್ಕಜಾಜೂರಿನ ಟಗರಿನವರ ಮನೆಯದು, ಅದು ‘ಕಾಮ್’ ನಲ್ಲಿದೆ, ಅದು ಎಲ್ಲಿದೆ ಎಂದು ಅಲ್ಲಿ ಕೇಳು. ಸರಿ, ‘ಕಾಮ್’ ನವರ ಹತ್ತಿರ ಹೋದರೆ ಅವರು ಹೇಳಿದರು: ಟಗರಿನವರ ಮನೆಯೇ, ಅದನ್ನು ಬಲ್ಲ ಯಂತ್ರದ ಹೆಸರು ರಂಗಮ್ಮನ ಅಂಗಡಿಯದು, ಅದು ‘ಇನ್’ ನಲ್ಲಿದೆ, ಅಲ್ಲಿ ಕೇಳು. ಅಲ್ಲಿ ಕೇಳಿದರೆ ಮತ್ತೆ ಟಗರಿನವರ ಮನೆ. ಅವರ ಜಾಗ ಇವರು ಹೇಳಬೇಕು, ಇವರ ಜಾಗ ಅವರು ಹೇಳಬೇಕು. ಹೆಸರುಗಳೇನೋ ಎಲ್ಲರ ಬಾಯಲ್ಲೂ ಇವೆ, ಅಂಕಿ ಮಾತ್ರ ಯಾರ ಹತ್ತಿರವೂ ಇಲ್ಲ. ಹುಡುಕುವ ಯಂತ್ರ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಅಲೆದು, ಸುಸ್ತಾಗಿ, ಇಂಥದ್ದು ಇಲ್ಲ ಎಂದು ಕೈಚೆಲ್ಲುತ್ತಿತ್ತು.

ಇದನ್ನು ನೋಡುತ್ತಿದ್ದ ಹಾಗೆ ನನ್ನ ಕಣ್ಣ ಮುಂದೆ ಹೊಸದುರ್ಗದ ಬಸ್ ನಿಲ್ದಾಣ ಬಂತು. ನನ್ನ ಮದುವೆಯಾದ ಹೊಸತು. ಅಪ್ಪನೂ ಮಾವನೂ ಶ್ರೀರಾಂಪುರಕ್ಕೆ ಹೊರಟಿದ್ದರು. ಬಸ್ಸು ಬಂದು ನಿಂತಿತು. “ಹತ್ರಿ ಬೀಗ್ರೆ” ಎಂದರು ಮಾವ. “ಛೆ ಛೆ, ನೀವು ಹತ್ರಿ, ನಿಮ್ಮೂರ ಬಸ್ಸು” ಎಂದರು ಅಪ್ಪ. “ನಮ್ಮೂರ ಬಸ್ಸು ಅಂದ್ಮ್ಯಾಲೆ ನೀವು ಮೊದ್ಲು ಹತ್ತಬೇಕು.” “ನೀವು ಹತ್ತದೆ ನಾ ಹ್ಯಾಂಗೆ ಹತ್ಲಿ?” ಹಿಂದೆ ನಿಂತಿದ್ದ ನಾವು ಇಬ್ಬರ ಬೆನ್ನನ್ನೂ ತಳ್ಳಿ ನೋಡಿದೆವು, ಜಗ್ಗಲಿಲ್ಲ. ಕಂಡಕ್ಟರ್ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿ, “ಹಂಗಾದ್ರೆ ಇಬ್ರೂ ನಿಂತ್ಕಳ್ರಿ” ಎಂದು ಸೀಟಿ ಊದಿದ.  ಬಸ್ಸು ಹೋಯಿತು. ಇಬ್ಬರ ಮುಖದಲ್ಲೂ ಸೋಲಲಿಲ್ಲ ಎಂಬ ಸಂತೃಪ್ತಿ. ಮುಂದಿನ ಬಸ್ಸಿನಲ್ಲಿ ಒಬ್ಬರು ಮುಂದಿನ ಬಾಗಿಲಲ್ಲಿ, ಒಬ್ಬರು ಹಿಂದಿನ ಬಾಗಿಲಲ್ಲಿ ಹತ್ತಿದ ಮೇಲೆ ನಾವೆಲ್ಲ ಊರು ಸೇರಿದೆವು. ಆ ದಿನ ಬಿಸಿಲಲ್ಲಿ ನಿಂತು ಇವರಿಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡ ನಾನು, ಇಷ್ಟು ವರ್ಷಕ್ಕೆ ಅದೇ ಮರ್ಯಾದೆಯನ್ನು ಇಂಟರ್‌ನೆಟ್ಟಿಗೂ ಕಲಿಸಿದ್ದೆ. ಪ್ರಪಂಚದಲ್ಲಿ ನೇಮ್ ಸರ್ವರ್ ಇಡುವವರು ನೂರೆಂಟು ತಪ್ಪು ಮಾಡಿರಬಹುದು. ಬೀಗರಿಗೆ ಬೇಜಾರಾಗಬಾರದು ಎಂದು ಈ ತಪ್ಪು ಮಾಡಿದವಳು ನಾನೊಬ್ಬಳೇ ಇರಬೇಕು.

ಪರಿಹಾರ ಪಾಠದಲ್ಲೇ ಇದೆ, ನಾನೇ ಬರೆಸುತ್ತೇನೆ. ಅವರವರ ನೇಮ್ ಸರ್ವರಿಗೆ ಅವರವರ ಮನೆಯ ಹೆಸರೇ ಇರಲಿ, ಆದರೆ ಮೇಲಿನವರ ಹತ್ತಿರ ಹೆಸರಿನ ಜೊತೆಗೆ ಅಂಕಿಯನ್ನೂ ಬರೆಸಿಡಬೇಕು. ಆಗ ‘ಇನ್’ ನವರು, ಇಂಥವರನ್ನು ಕೇಳು, ಅವರು ಇರುವುದು ಇಲ್ಲಿ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಅಲೆದಾಟ ಇಲ್ಲ. ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಮಾವನ ಬಾಯಿಂದ ಬಂದ ಮಾತನ್ನು, ಅಪ್ಪ ಎದೆ ತುಂಬಿ ಒಪ್ಪಿದ್ದನ್ನು ಅಳಿಸುವುದು ಹೇಗೆ? ಹೇಳದೆ ಮಾಡಿದರೆ ಎಂದಾದರೂ ಗೊತ್ತಾಗುತ್ತದೆ, ಹೇಳಿ ಮಾಡಿದರೆ ಈಗಲೇ ಬೇಜಾರು. ಕೊನೆಗೆ ನಾನು ಒಂದು ಸುಳ್ಳನ್ನು ಹೆಣೆದು ಎರಡೂ ಮನೆಗೆ ಹಂಚಿದೆ. ಅಪ್ಪನಿಗೆ ಫೋನ್ ಮಾಡಿ, “ಬೀಗರನ್ನ ಈ ವಯಸ್ಸಲ್ಲಿ ಕೇಳಿದವರಿಗೆಲ್ಲ ದಾರಿ ಹೇಳ್ತಾ ಕೂರಿಸೋದು ಸರಿಯಲ್ಲ, ನಮ್ಮ ಭಾರ ನಾವೇ ಹೊತ್ಕೊಳ್ತೀವಿ ಅಂತ ಮಾವ ಒಂದೇ ಸಮ ಅಂತಿದಾರೆ” ಎಂದೆ. ಮಾವನಿಗೆ ಫೋನ್ ಮಾಡಿ ಇದನ್ನೇ ಅಪ್ಪ ಅಂದರು ಎಂದೆ. “ನೋಡವ್ವಾ, ದೊಡ್ಡ ಮನುಷ್ಯರು ಅಂದ್ರೆ ಹಿಂಗೆ” ಎಂದರು ಮಾವ. “ಬೀಗರು ಸಿಕ್ಕಿದ್ದು ನಮ್ಮ ಪುಣ್ಯ” ಎಂದರು ಅಪ್ಪ. ನನಗೆ ತಿಳಿಯದ ಒಂದು ಅಪಾಯ ಇತ್ತು. ಇಬ್ಬರೂ ಪರಸ್ಪರ ಫೋನ್ ಮಾಡಿಕೊಂಡು ವಂದನೆ ಹೇಳಿಬಿಟ್ಟರು. ನಾನು ಹಾಗಂದೇ ಇಲ್ಲವಲ್ಲ ಎಂದು ಒಬ್ಬರಾದರೂ ಅಂದಿದ್ದರೆ ನನ್ನ ಕತೆ ಮುಗಿಯುತ್ತಿತ್ತು. ಬೀಗರು ಅಷ್ಟು ಪ್ರೀತಿಯಿಂದ ಹೊಗಳುವಾಗ ಅಲ್ಲಗಳೆಯುವುದು ಮರ್ಯಾದೆಯಲ್ಲ. ಹಾಗಾಗಿ ಇಬ್ಬರೂ ತಾವು ಆಡದ ಮಾತಿಗೆ ಸಂದ ಹೊಗಳಿಕೆಯನ್ನು ನಾಚಿಕೊಂಡು ಒಪ್ಪಿಕೊಂಡರು. ಮರ್ಯಾದೆ ಕೆಡಿಸಿದ್ದನ್ನು ಮರ್ಯಾದೆಯೇ ಉಳಿಸಿತು. ನಾನು ಹೋಗಿ ಅಂಕಿ ಬರೆಸಿದೆ.

ಬರೆಸಿದ ಕೂಡಲೇ ಪ್ರಪಂಚ ಸರಿಹೋಗುವುದಿಲ್ಲ. ಸರಿಯಾದ ಉತ್ತರವನ್ನು ಮರೆತ ಯಂತ್ರಗಳೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ, ಈ ವಿಷಯದಲ್ಲಿ ಅವಕ್ಕೂ ನೆಂಟರಿಗೂ ವ್ಯತ್ಯಾಸವಿಲ್ಲ. ಭಾನುವಾರ ಸಂಜೆ ಹಿರಿಯೂರಿನಲ್ಲಿ ಬಂತು. ಆಮೇಲೆ ಶ್ರೀರಾಂಪುರದಲ್ಲೂ ಬಂತು. “ಬಂತು ಅತ್ತಿಗೆ” ಎಂದು ರಂಗಮ್ಮ ಹೇಳಿದ ದನಿ ಕೇಳಿ ನಾನು ದೇವರ ಮುಂದೆ ದೀಪ ಹಚ್ಚಿದೆ. ಕಂಪ್ಯೂಟರ್ ಓದಿದವಳು ದೀಪ ಹಚ್ಚುವುದೇ ಎಂದು ನಗಬೇಡಿ, ಕಂಪ್ಯೂಟರ್ ಓದಿದವರಿಗೇ ಅದರ ಅಗತ್ಯ ಜಾಸ್ತಿ.

ಸೋಮವಾರ ಬೆಳಿಗ್ಗೆ ಒಂದು ತರಗತಿ ಮುಗಿಸಿ ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ಫೋನ್ ಬಂತು. ರಂಗಮ್ಮ ಮೈಸೂರಿನ ಮೇಡಮ್ಮನ ಜೊತೆ ಮಾತಾಡುತ್ತಾ ನನ್ನನ್ನೂ ಅದೇ ಕರೆಗೆ ಸೇರಿಸಿದ್ದಳು. “ಇಲ್ಲಮ್ಮ, ನಮ್ಮ ಆಫೀಸಿನ ಕಂಪ್ಯೂಟರಲ್ಲಿ ನಿಮ್ಮದು ಬರ್ತಾ ಇಲ್ಲ, ಇಲ್ಲ ಅಂತಿದೆ” ಎನ್ನುತ್ತಿದ್ದರು ಮೇಡಂ. ನಾನು ನಡುವೆ ಬಾಯಿ ಹಾಕಿ, “ಮೇಡಂ, ಒಂದು ಸಲ ನಿಮ್ಮ ಮೊಬೈಲಲ್ಲಿ ನೋಡ್ತೀರಾ, ನಿಮ್ಮ ಆಫೀಸಿನದು ನಿನ್ನೆಯ ತಪ್ಪನ್ನ ಇನ್ನೂ ನೆನಪಿಟ್ಟುಕೊಂಡಿದೆ” ಎಂದೆ. “ಐತ್ರಿ ಮೇಡಮ್ಮೋರೆ, ಇನ್ನೊಂದ್ ಸಲ ನೋಡ್ರಿ, ಐತೆ” ಎಂದಳು ರಂಗಮ್ಮ. ಶ್ರೀರಾಂಪುರದ ಕಡೆಯಿಂದ ಕುರಿಯೊಂದು ಕೂಗಿದ್ದು ಕೇಳಿಸಿತು.

“ಹಾಂ, ಬಂತು” ಎಂದರು ಮೇಡಂ. ಆಮೇಲೆ ಅವರು ಒಂದೊಂದೇ ಫೋಟೊ ನೋಡುತ್ತಿರಬೇಕು, ಓಹೋ ಎನ್ನುತ್ತಾ ಹೋದರು. “ಅಂಚು ತುಂಬ ಚೆನ್ನಾಗಿ ಬಂದಿದೆ. ಇದನ್ನ ನೇಯ್ದಿದ್ದು ಯಾರು, ನಿಮ್ಮ ಯಜಮಾನರಾ?”

“ಮ್ಯಾಲೆ ಬರ್ದೈತೆ ನೋಡ್ರಿ” ಎಂದಳು ರಂಗಮ್ಮ.

ಮೇಡಂ ಓದಿದರು. “ನೇಯ್ದವರು, ರಂಗಮ್ಮ.”

“ಅದು ನಾನೇ ಕಣ್ರಿ.”

ಅಷ್ಟು ನೆಟ್ಟಗೆ ಅವಳು ಆ ಮಾತನ್ನು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು. ಕೈಯಲ್ಲಿ ಸೀಮೆಸುಣ್ಣವಿತ್ತು, ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗಾಗಿ, ಮುಂದಿನ ತರಗತಿಗೆ ಹಾಗೇ ಹೋದೆ. ಆ ದಿನ ಮಕ್ಕಳು ಆಕಳಿಸಲಿಲ್ಲ.

ರಂಗಮ್ಮ ಮೈಸೂರಿಗೆ ಹೋಗಿ ಮಗ್ಗ ಹೂಡಿದಳು. ಪಕ್ಕದಲ್ಲಿ ಅವಳ ಹೆಸರಿನ ಫಲಕ, ಫಲಕದ ಪಕ್ಕದಲ್ಲಿ ನೂಲು ಸುತ್ತಿಕೊಡುತ್ತಾ ಹಾಲಪ್ಪ. ಈಗ ಅವಳ ಕಂಬಳಿ ಕೇಳಿಕೊಂಡು ಎಲ್ಲೆಲ್ಲಿಂದಲೋ ಜನ ಫೋನ್ ಮಾಡುತ್ತಾರೆ. ಆ ಫೋನುಗಳೆಲ್ಲ ಬರುವುದು ನನಗೆ. ಮಗ್ಗದ ಗುಣಿಯಲ್ಲಿ ಕೂತವಳು, ಕೈಯೆಲ್ಲ ಗಂಜಿ, ಎದ್ದು ಬಂದು ಫೋನ್ ಹಿಡಿಯುವುದು ಕಷ್ಟ ಎಂದು ವೆಬ್‌ಸೈಟಿನಲ್ಲಿ ನನ್ನ ನಂಬರ್ ಹಾಕಿಸಿದ್ದಾಳೆ. ಉಣ್ಣೆಗೆಂದು ಹೊಳಲ್ಕೆರೆ ಕಡೆ ಹೋಗಿದ್ದರೆ ಹಾಗೆಂದು ಹೇಳುತ್ತೇನೆ, ಹಿರಿಯೂರಿಗೆ ಹೋಗಿದ್ದರೆ ನಾಳೆ ಬರ್ತಾಳೆ ಎನ್ನುತ್ತೇನೆ. ತರಗತಿಯ ನಡುವೆಯೂ ಹೊರಗೆ ಬಂದು ಹೇಳುತ್ತೇನೆ. ಮೊನ್ನೆ ಹಿರಿಯರೊಬ್ಬರು ಫೋನ್ ಮಾಡಿ, ಮಗಳ ಮದುವೆಯಲ್ಲಿ ಹಾಸಲು ಕರಿ ಕಂಬಳಿ ಬೇಕು, ರಂಗಮ್ಮ ನೇಯ್ದಿದ್ದೇ ಬೇಕು ಎಂದರು. ವಿವರ ಎಲ್ಲ ಹೇಳಿದೆ. ಫೋನ್ ಇಡುವ ಮುಂಚೆ ಅವರು, “ನೀವು ಯಾರು ಮಾತಾಡೋದು?” ಎಂದು ಕೇಳಿದರು. ನನ್ನ ಪರಿಚಯ ಹೇಳಿಕೊಳ್ಳುವುದೆಂದರೆ ನನಗೆ ಬಹಳ ಸಂತೋಷ. ಓದು, ಕಾಲೇಜು, ವಿಭಾಗ, ಅನುಭವ ಎಂದು ಅದಕ್ಕೊಂದು ರಾಗ ಇದೆ. ಅದನ್ನು ಶುರು ಮಾಡಲೆಂದೇ ಬಾಯಿ ತೆರೆದೆ. “ರಂಗಮ್ಮನ ಅತ್ತಿಗೆ ಕಣ್ರಿ” ಎಂದು ಬಂತು.

“ಹಂಗಾದ್ರೆ ಸರಿಯಾದ ಕಡೇನೇ ಕೇಳೀನಿ ಬಿಡ್ರಿ” ಎಂದರು ಅವರು, ನೆಮ್ಮದಿಯಿಂದ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ.